ಸದ್ದಿಲ್ಲದ ತಿಂಗಳಲ್ಲಿ ಫುಫು

ಅಕ್ರಾ ಪಟ್ಟಣಕ್ಕೆ ಬಂದ ನಾಲ್ಕನೇ ದಿನವೇ ತನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಅನ್ನುವುದು ಪೊಕುವಾಗೆ ಖಾತ್ರಿಯಾಯಿತು. ಅವಳು ಇನ್ನೂ ಯಾವ ತಪ್ಪೂ ಮಾಡಿರಲಿಲ್ಲ. ಆದರೆ ಮಾಡಲು ಬಂದ ಕೆಲಸವೇ ಇಲ್ಲಿ ತಪ್ಪು ಅಂತ ಬೆಳಿಗ್ಗೆಯಷ್ಟೇ ತಿಳಿದಿತ್ತು.

ಅವಳು ಬಂದದ್ದು ಫುಫು ಕುಟ್ಟಲು. ಬೇಯಿಸಿದ ಮರಗೆಣಸು, ಬಾಳೆಕಾಯಿಯನ್ನು ಮರದ ಒರಳಿಗೆ ಹಾಕಿ ಬೆಣ್ಣೆಯ ಹಾಗೆ ನುಣುಪಾಗುವತನಕ ಕುಟ್ಟಿ ಮುದ್ದೆ ಮಾಡಬೇಕು. ಲಾರಿ ನಿಲ್ದಾಣದ ಹಿಂದೆ ನಾ ಡೇಡೇಯ್ ಎಂಬಾಕೆ ಊಟದ ಅಂಗಡಿ ಇಟ್ಟಿದ್ದಳು. ಪೊಕುವಾಳ ಅಶಾಂತಿ ಸೀಮೆಯ ಕುಮಾಸಿ ಕಡೆಯಿಂದ ಬರುವ ಡ್ರೈವರುಗಳಿಗೆ ಮಧ್ಯಾಹ್ನ ಫುಫು ಬಿದ್ದರೇನೇ ಹೊಟ್ಟೆ ತುಂಬುವುದು. ಸೋಮವಾರದ ಊಟ ನೋಡಿ ಮಾತಾಡೋಣ, ಡ್ರೈವರುಗಳು ಒಪ್ಪಿದರೆ ಇರು, ಇಲ್ಲದಿದ್ದರೆ ಸಂಜೆ ಬಸ್ಸಿಗೆ ಊರಿಗೆ ಹೋಗು ಎಂದು ಡೇಡೇಯ್ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಊರಿನಲ್ಲಿ ಮನೆ ಎಲ್ಲಿತ್ತು? ಗಂಡ ತೀರಿಕೊಂಡ ಮೇಲೆ ಅಳಿಯಸಂತಾನದ ಪದ್ಧತಿಯಂತೆ ಮನೆಗೆ ಅವನ ಅಕ್ಕನ ಮಗ ಬಂದು ಸೇರಿಕೊಂಡಿದ್ದ. ಅತ್ತೇ, ಮೂಲೆಯ ಕೋಣೆಯಲ್ಲಿ ಬಿದ್ದಿರಿ ಅಂದಿದ್ದ. ಬಿದ್ದಿರುವುದಕ್ಕೆ ನಾನೇನು ಹಳೇ ಚಾಪೆಯಾ ಎಂದು ಓಣಿಯ ಜನರೆಲ್ಲರ ಮುಂದೆ ಬೈದು ಬಸ್ಸು ಹತ್ತಿದ್ದಳು. ಈಗ ಯಾವ ಮುಖ ಹೊತ್ತು ವಾಪಸು ಹೋಗುವುದು?

ಬಂದ ದಿನದಿಂದ ಅವಳಿಗೆ ಎಲ್ಲವೂ ಹೆದರಿಕೆಯೇ. ನಿಲ್ದಾಣದಲ್ಲಿ ಇಳಿದವಳು ಊರಿನ ಅಭ್ಯಾಸದಂತೆ ಎದುರಾದವರಿಗೆಲ್ಲ ಯೋಗಕ್ಷೇಮ ಕೇಳುತ್ತಾ ಹೋದಳು. ಮೂವತ್ತು ಜನರನ್ನು ಕೇಳಿದರೂ ಒಬ್ಬರೂ ತಿರುಗಿ ಕೇಳಲಿಲ್ಲ. ಒಬ್ಬ ಮಾತ್ರ ಕೈಚೀಲವನ್ನು ಎದೆಗೆ ಅವಚಿಕೊಂಡು ರಸ್ತೆ ದಾಟಿ ಓಡಿದ. ಮಲಗಿದರೆ ಗೋಡೆಯಾಚೆ ಯಾರೋ ಲಾರಿಯ ಎಂಜಿನ್ನು ಆರಿಸದೆ ಬಿಟ್ಟಂತೆ ಸದ್ದು. ಕೇಳಿದರೆ ಅದು ಸಮುದ್ರವಂತೆ. ಅದನ್ನು ಯಾರೂ ಆರಿಸುವ ಹಾಗಿಲ್ಲವಂತೆ.

ಸೋಮವಾರ ಬೆಳಿಗ್ಗೆ ಡೇಡೇಯ್ ಕೆಲಸದ ಹುಡುಗಿಯನ್ನು ಕರೆದುಕೊಂಡು ಹೊಗೆಯಲ್ಲಿ ಒಣಗಿಸಿದ ಮೀನು ತರಲು ತೇಮಾ ಬಂದರಿಗೆ ಹೋದಳು. ಅಂಗಳದಲ್ಲಿ ಉಳಿದವನು ಡೇಡೇಯ್‌ಳ ಅಣ್ಣ ಅತಾ ಒಕಾಯ್ ಒಬ್ಬನೇ. ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು, ಹೋಗಿಬರುವವರನ್ನು ಕೆಣಕುವುದು ಬಿಟ್ಟರೆ ಅವನಿಗೆ ಬೇರೆ ಕಸುಬಿರಲಿಲ್ಲ. ಪೊಕುವಾ ಒರಳು ಉರುಳಿಸಿಕೊಂಡು ಬಂದದ್ದೇ ತಡ, ಅವನ ಕಣ್ಣು ಮಿನುಗಿತು.

"ಏನಮ್ಮಾ ಅಶಾಂತಿ ಸೀಮೆಯವಳೇ, ಇವತ್ತಿಂದ ಒಂದು ತಿಂಗಳು ಊರಲ್ಲಿ ಸದ್ದು ಮಾಡೋ ಹಾಗಿಲ್ಲ, ಗೊತ್ತು ತಾನೆ?"

ಅವಳಿಗೆ ಗೊತ್ತಿರಲಿಲ್ಲ. ದೇವರ ಜೋಳ ಬಿತ್ತಿದೆ, ಅದು ಮೊಳೆತು ಬೆಳೆಯುವತನಕ ನಮ್ಮ ಗಾ ಜನರ ಈ ಊರಿನಲ್ಲಿ ಡೋಲಿಲ್ಲ, ಹಾಡಿಲ್ಲ, ಚಪ್ಪಾಳೆಯೂ ಇಲ್ಲ ಎಂದು ಅವನು ವಿವರಿಸಿದ. ಪೂಜಾರಿಯ ಕಡೆಯವರು ಬಿಳಿ ಬಟ್ಟೆ ಸುತ್ತಿಕೊಂಡು ಓಣಿ ಓಣಿ ತಿರುಗುತ್ತಾರೆ ಅಂದ.

"ಹಾಗಾದ್ರೆ ಕುಟ್ಟೋದು?"

"ಕುಟ್ಟು, ಯಾರು ಬೇಡ ಅಂದ್ರು? ಹೋದ ವರ್ಷ ಒಬ್ಬ ಡೋಲು ಬಾರಿಸಿದ. ಡೋಲೂ ಹೋಯ್ತು. ಅವನೂ ಆರು ತಿಂಗಳು ಕಾಣಲಿಲ್ಲ."

ಪೊಕುವಾ ಬೀದಿಯ ಕಡೆ ಒಮ್ಮೆ ಇಣುಕಿ ನೋಡಿದಳು. ಈ ಜನಕ್ಕೇನು, ಮೆಕ್ಕೆಜೋಳದ ಹಿಟ್ಟನ್ನು ಸದ್ದಿಲ್ಲದೆ ನಾದಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿ ಕೆಂಕಿ ತಿನ್ನುವವರು. ಸದ್ದು ಮಾಡಬೇಡಿ ಅನ್ನುವುದು ಅವರಿಗೆ ಸುಲಭ. ಕುಟ್ಟಿದರೆ ಬಿಳಿ ಬಟ್ಟೆಯವರು ಬರುತ್ತಾರೆ. ಕುಟ್ಟದಿದ್ದರೆ ಸಂಜೆಯ ಬಸ್ಸು. ಒಲೆಯ ಮೇಲೆ ಗೆಣಸು ಆಗಲೇ ಬೆಂದಿತ್ತು. ಅದು ಆರಿದರೆ ಎಷ್ಟು ಕುಟ್ಟಿದರೂ ಗಂಟುಗಂಟೇ.

ಕೊನೆಗೆ ಅವಳು ಒರಳನ್ನು ಅಂಗಳದಂಚಿನಲ್ಲಿ ತನಗೆ ಕೊಟ್ಟಿದ್ದ ಕೋಣೆಗೆ ಎಳೆದುಕೊಂಡಳು. ಹಾಸಿಗೆಯನ್ನು ಮಡಿಸಿ ಅಡಿಗೆ ಹಾಕಿ ಅದರ ಮೇಲೆ ಒರಳನ್ನು ಕೂರಿಸಿದಳು. ಕಿಟಕಿಗೆ ತಾನು ಉಡುವ ಎರಡು ಬಟ್ಟೆ ತುರುಕಿದಳು. ಬೆಂದ ಗೆಣಸನ್ನು ಒರಳಿಗೆ ಸುರಿದು, ಬಾಗಿಲಿಗೆ ಅಗಳಿ ಹಾಕಿ, ದೇವರನ್ನು ನೆನೆದು, ಆಳೆತ್ತರಕ್ಕೂ ಉದ್ದದ ಒನಕೆಯನ್ನು ಮೇಲೆತ್ತಿದಳು.

ಊರಿನಲ್ಲಿ ಅವಳು ಕುಟ್ಟುತ್ತಿದ್ದದ್ದು ಬಯಲಿನಲ್ಲಿ. ತಲೆಯ ಮೇಲೆ ಒಂದು ತಗಡಿನ ಸೂರು ಇದೆ ಅನ್ನುವುದು ಕೈಗೆ ನೆನಪಿರಲಿಲ್ಲ. ಒನಕೆಯ ತುದಿ ಸೂರಿಗೆ ಬಡಿದು ಸಿಡಿಲು ಬಿದ್ದ ಹಾಗಾಯಿತು. ಹಕ್ಕಿಗಳು ಹಾರಿದವು, ನಾಯಿಗಳು ಬೊಗಳಿದವು, ಪಕ್ಕದ ಮನೆಯ ಮಗು ಕಿರುಚಿತು. ಗಾಬರಿಯಿಂದ ಅವಳು ಒನಕೆಯನ್ನು ಕೆಳಗಿಳಿಸುವ ಬದಲು ಇನ್ನೂ ಮೇಲೆತ್ತಿದಳು. ಇನ್ನೊಂದು ಸಿಡಿಲು.

ಹೊರಗೆ ಕಾಲಸಪ್ಪಳ. ಬಾಗಿಲ ಕಿಂಡಿಯಲ್ಲಿ ನೋಡಿದರೆ ಬಿಳಿ ಬಟ್ಟೆ. ಮೂರು ಜನ.

ಪೊಕುವಾ ಒನಕೆಯನ್ನು ಮಂಚದ ಕೆಳಗೆ ತುರುಕಿದಳು. ಅರ್ಧ ಒನಕೆ ಕೋಣೆಯ ನಡುವೆ ಚಾಚಿಕೊಂಡಿತು. ಅದರ ಮೇಲೆ ಕಂಬಳಿ ಹೊದಿಸಿದಳು. ಯಾರೋ ಕಾಲು ಚಾಚಿ ಸತ್ತು ಮಲಗಿದ ಹಾಗೆ ಕಂಡು ಅವಳಿಗೇ ಮೈ ಜುಮ್ಮೆಂದಿತು. ಬಾಗಿಲು ತಟ್ಟಿದರು. ಅವಳು ಅಗಳಿ ತೆಗೆದಳು.

ಮುಂದೆ ನಿಂತಿದ್ದ ಮುದುಕನ ಮಣಿಕಟ್ಟಿಗೆ ಹಸಿರು ಎಲೆ ಸುತ್ತಿತ್ತು. ಅವನು ಒರಳು ನೋಡಿದ, ಹಾಸಿಗೆ ನೋಡಿದ, ಕಂಬಳಿಯ ಹೆಣವನ್ನು ನೋಡಿದ. ಸೂರಿನಲ್ಲಿ ಬಿದ್ದಿದ್ದ ಎರಡು ತಗ್ಗುಗಳನ್ನು ಬಹಳ ಹೊತ್ತು ನೋಡಿದ.

"ಏನು ಮಾಡ್ತಾ ಇದ್ದೀಯಮ್ಮ?"

"ಫುಫು," ಎಂದು ಪಿಸುಗುಟ್ಟಿದಳು. "ಸದ್ದಾಗದ ಹಾಗೆ."

ಹಿಂದಿದ್ದ ಇಬ್ಬರೂ ಮುಖ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಮುದುಕ ನಗಲಿಲ್ಲ. ಕುಟ್ಟಬಾರದು ಅಂತ ನಿನಗೆ ಹೇಳಿದ್ದು ಯಾರು ಎಂದು ಕೇಳಿದ. ಪೊಕುವಾ ಬೇವಿನ ಮರದ ಕಡೆ ನೋಡಿದಳು. ಅತಾ ಒಕಾಯ್ ಬೆಂಚಿನಿಂದ ಎದ್ದು ಮೆಲ್ಲಗೆ ಗೇಟಿನ ಕಡೆ ಸರಿಯುತ್ತಿದ್ದ.

"ಒಕಾಯ್, ಬಾ ಇಲ್ಲಿ," ಅಂದ ಮುದುಕ. "ನಿಷೇಧ ಇರೋದು ಡೋಲಿಗೆ. ಅನ್ನಕ್ಕಲ್ಲ. ದೇವರ ಹೆಸರು ಹೇಳಿ ಪರವೂರಿನ ಹೆಂಗಸನ್ನ ಹೆದರಿಸ್ತೀಯಾ? ಒನಕೆ ಹಿಡಿ."

"ನಾನಾ? ಆ ಡೋಲಿನವನು ಆರು ತಿಂಗಳು ಪಕ್ಕದ ಟೋಗೋ ದೇಶಕ್ಕೆ ಕೆಲಸಕ್ಕೆ ಹೋಗಿದ್ದ ಅಂತ ಹೇಳೋದೊಂದು ಮರೆತೆ, ಅಷ್ಟೇ."

"ಹಿಡಿ ಅಂದೆ."

ಒರಳು ಅಂಗಳಕ್ಕೆ ಬಂತು. ಅತಾ ಒಕಾಯ್ ಕುಟ್ಟಬೇಕು, ಎರಡು ಪೆಟ್ಟಿನ ನಡುವೆ ಪೊಕುವಾ ಒರಳಿಗೆ ಕೈ ಹಾಕಿ ಮುದ್ದೆ ಮಗುಚಬೇಕು. ಊರಿನಲ್ಲಿ, ಈಗ ಗಂಡನ ಮನೆ ಸೇರಿರುವ ಮಗಳ ಜೊತೆ ಕಣ್ಣುಮುಚ್ಚಿ ಮಾಡುತ್ತಿದ್ದ ಕೆಲಸ. ಇಲ್ಲಿ ಹುಟ್ಟಿದಾರಭ್ಯ ಒನಕೆ ಮುಟ್ಟದ ಗಂಡಸು. ಒಂದು ಪೆಟ್ಟು ಒರಳ ಅಂಚಿಗೆ, ಒಂದು ಮುದ್ದೆಗೆ, ಒಂದು ಅವಳ ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ. ಬಿಳಿ ಬಟ್ಟೆಯವರ ಹೆದರಿಕೆ ಹೋಗಿ ಬೆರಳಿನ ಹೆದರಿಕೆ ಹತ್ತಿತು. ಆದರೂ ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಗೆಣಸು ಆರುತ್ತಿತ್ತು. ಎತ್ತು, ಬಿಡು, ಎತ್ತು, ಬಿಡು ಎಂದು ಹಲ್ಲು ಕಚ್ಚಿ ಹೇಳಿಕೊಡುತ್ತಾ ಮಗುಚಿದಳು.

ಡೇಡೇಯ್ ಮೀನಿನ ಬುಟ್ಟಿ ಹೊತ್ತು ಬಂದಾಗ ಡ್ರೈವರುಗಳು ಬೆಂಚು ತುಂಬಿ ಉಣ್ಣುತ್ತಿದ್ದರು. ಬಟ್ಟಲಲ್ಲಿ ಅಲ್ಲಲ್ಲಿ ಗಂಟಿತ್ತು. ಯಾರೂ ಸಾರು ಚೆಲ್ಲಿ ಎದ್ದು ಹೋಗಿರಲಿಲ್ಲ, ಅಷ್ಟೇ. ಡೇಡೇಯ್ ಮುದ್ದೆಯ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡಳು. ಪೊಕುವಾ ಅವಳ ಗಂಟಲನ್ನೇ ನೋಡಿದಳು. ಡೇಡೇಯ್‌ಳ ಕಣ್ಣು ಬೇವಿನ ಮರದ ಕೆಳಗೆ ಹೋಯಿತು. ಅಲ್ಲಿ ಅವಳಣ್ಣ ಬೆವರು ಸುರಿಸುತ್ತಾ ಅಂಗೈಯ ಬೊಬ್ಬೆಗಳಿಗೆ ಊದಿಕೊಳ್ಳುತ್ತಿದ್ದ.

"ಇವನ ಕೈಲಿ ಕೆಲಸ ಮಾಡಿಸಿದ್ದು ಯಾರು?"

ಡ್ರೈವರೊಬ್ಬ ಪೊಕುವಾಳ ಕಡೆ ಗದ್ದ ತೋರಿಸಿದ.

"ನಮ್ಮಮ್ಮನ ಕೈಲೇ ಆಗಿರಲಿಲ್ಲ," ಅಂದಳು ಡೇಡೇಯ್. "ಗಂಟು ಆಮೇಲೆ ಸರಿಯಾಗುತ್ತೆ. ನೀನು ಇರಕ್ಕ."

ಪೊಕುವಾ ಒರಳ ಪಕ್ಕ ಕುಸಿದು ಕೂತಳು. ಹೋಗು ಅಂದಿದ್ದರೆ ಇದ್ದದ್ದು ಊರಿಗೆ ಮುಖ ತೋರಿಸುವ ಒಂದೇ ಹೆದರಿಕೆ. ಇರು ಅಂದಳಲ್ಲ, ಇನ್ನು ಈ ಊರಿನಲ್ಲಿ ದಿನಾ ಬದುಕಬೇಕು. ಅವಳು ನೆಟ್ಟಗಿವೆಯಾ ಎಂದು ಹತ್ತೂ ಬೆರಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡಳು.