ಗಾಜಿನ ಗೂಡಿನ ಆಚಾರಿ

ರಾಬರ್ಟ್‌ಸನ್‌ಪೇಟೆಯ ಒಡವೆ ಅಂಗಡಿ ಅಪರಂಜಿ ಪ್ಯಾಲೇಸಿನಲ್ಲಿ ಅಪ್ಪಟವಾಗಿದ್ದದ್ದು ರಂಜನೆಯೊಂದೇ. ಒಡವೆಗಳೆಲ್ಲ ಮೆಷಿನ್ನಿನ ಎರಕ. ಬೋರ್ಡಿನ ಮೇಲೆ ಮಾತ್ರ ‘ನೂರಕ್ಕೆ ನೂರು ಕೈಕೆಲಸ’. ಆ ಕೈ ಯಾರದ್ದು ಎಂದು ಯಾರೂ ಕೇಳಬಾರದಲ್ಲ, ಅದಕ್ಕೇ ಮಾಲೀಕ ಚಲಪತಿ ಬಾಗಿಲ ಪಕ್ಕ ಗಾಜಿನ ಗೂಡು ಕಟ್ಟಿಸಿ ಸೆಲ್ವರಾಜನನ್ನು ಕೂರಿಸಿದ್ದ.

ಸೆಲ್ವರಾಜ್ ಪಕ್ಕದ ಚಾಂಪಿಯನ್ ರೀಫ್ಸಿನ ಬಿ.ಕಾಂ. ಪದವೀಧರ. ಬಂಗಾರಪೇಟೆ ಸ್ಟೇಷನ್ನಿನ ಅನೌನ್ಸ್‌ಮೆಂಟು, ಪ್ರಿನ್ಸಿಪಾಲರ ಕೆಮ್ಮು, ಏನು ಕೇಳಿದರೂ ಗಂಟಲಿಗೆ ಇಳಿಸಿಕೊಂಡು ಥೇಟ್ ಹಾಗೇ ಮಿಮಿಕ್ರಿ ಮಾಡುವವನು. ಆಚಾರಿಯ ಪಾತ್ರ ಅವನಿಗೆ ಯಾವ ಲೆಕ್ಕ? ಪಂಚೆ ಉಟ್ಟ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ, ಊದುಗೊಳವೆ ಹಿಡಿದು ದೀಪದ ಉರಿಯನ್ನು ಹಿತ್ತಾಳೆ ತುಂಡಿನ ಮೇಲೆ ಊದುತ್ತ ಕೂತ. ಈ ಜನಕ್ಕೆ ಮೊದಲು ಕಿವಿಗೆ ಹೂ, ಆಮೇಲೆ ಓಲೆ ಎಂದು ಒಳಗೊಳಗೇ ನಗುತ್ತಿದ್ದ.

ಒಂದು ದಿನ ಕಾಮಸಮುದ್ರದ ಬಸ್ಸಿಳಿದು ಬಂದ ಚಿಕ್ಕವೆಂಕಟಮ್ಮ ಸೀದಾ ಗೂಡಿನ ಮುಂದೆ ನಿಂತಳು. ಸೆರಗಿನ ಗಂಟಿನಿಂದ ತಾಳಿಯ ಪಕ್ಕ ಪೋಣಿಸುವ ಚಿನ್ನದ ಗುಂಡು ತೆಗೆದಳು. ಬೆಸುಗೆ ಒಂದು ಕಡೆ ಬಿಟ್ಟಿತ್ತು.

“ನಮ್ಮವ್ವಂದು ಕಣಪ್ಪಾ. ನಾಳೆ ಮೊಮ್ಮಗಳ ಕತ್ತಿಗೆ ಓಗ್ಬೇಕು. ಒಳಗೆ ಅರಗೈತೆ, ಉಷಾರು. ನನ್ ಕಣ್ಣೆದ್ರಿಗೇ ಬೆಸ್ದು ಕೊಡು.”

ಅರಗಿನ ವಿಷಯ ಸೆಲ್ವರಾಜನಿಗೆ ಅರಗಲಿಲ್ಲ. ‘ನಂಗೆ ಬರಲ್ಲಮ್ಮ’ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಜನ ಮೊಬೈಲ್ ಎತ್ತಿದ್ದರು, ಚಲಪತಿ ಮೈಕ್ ಎತ್ತಿದ್ದ. “ನೋಡಿ, ನೋಡಿ! ತಲೆತಲಾಂತರದ ಕಸುಬು!”

ತಲೆತಲಾಂತರದವನು ಗಂಭೀರವಾಗಿ ತಲೆಯಾಡಿಸಿ, ಗುಂಡನ್ನು ಚಿಮುಟದಲ್ಲಿ ಹಿಡಿದು ಉರಿ ಊದಿದ.

ಮೊದಲು ಹೊಗೆ ಬಂತು, ಹಿಂದೆಯೇ ಕಮಟು. ಒಳಗಿನ ಅರಗು ಕೊತಕೊತ ಕುದಿದು, ಗುಂಡು ಟಪ್ಪೆಂದು ಎರಡು ಬಟ್ಟಲಾಗಿ ಸೀಳಿತು. ಕರೀ ಅರಗು ಗಾಜಿಗೆಲ್ಲ ಸಿಡಿಯಿತು.

“ನಿನ್ ಕೈ ಸೇದೋಗ! ಕೈಕೆಲ್ಸ ಅಂದ್ಬುಟ್ಟು ಕೈ ಕೊಟ್ಯಲ್ಲಲಾ!”

ಚಲಪತಿ ಮೈಕಿನಲ್ಲೇ, “ಹಳೇ ಚಿನ್ನ ಕಣಮ್ಮಾ. ಹಳೇ ಕಾಲದವರ ಮೋಸ, ಅದರಲ್ಲೇ ದೋಷ ಇತ್ತು” ಎಂದ.

ಮುದುಕಿಯ ಸತ್ತುಹೋದ ಅವ್ವನನ್ನು ಕಳ್ಳಿ ಮಾಡಿದ್ದು ಸೆಲ್ವರಾಜನಿಗೂ ನುಂಗಲಾಗಲಿಲ್ಲ. ಸುತ್ತಿಗೆಯ ಟಕಟಕ ಬೀದಿಗೆ ಕೇಳಲೆಂದು ಗೂಡಿನೊಳಗೂ ಒಂದು ಮೈಕ್ ಇತ್ತು. ಅದಕ್ಕೆ ಬಾಯಿಟ್ಟು ಚಲಪತಿಯದೇ ಎಣ್ಣೆ ಹಚ್ಚಿದ ದನಿ ತೆಗೆದ: “ಮಾನ್ಯ ಗ್ರಾಹಕರೇ, ದೋಷ ಇರೋದು ಗುಂಡಲ್ಲಲ್ಲ, ಗೂಡಲ್ಲಿ. ಒಳಗೆ ಕೂತಿರೋನು ಬರೀ ಬಾಯಾಚಾರಿ. ನಮ್ಮ ಒಡವೆಯೆಲ್ಲಾ ಎರಕ, ನಿಮ್ಮ ಮೇಲೆ ನಮಗಿಲ್ಲ ಮರುಕ!”

ಸ್ಪೀಕರಿನಲ್ಲಿ ಚಲಪತಿಯ ದನಿ, ಎದುರಿಗೆ ಚಲಪತಿಯ ಮುಚ್ಚಿದ ಬಾಯಿ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಸೆಲ್ವರಾಜ್ ಬಾಗಿ ನಮಸ್ಕರಿಸಲು ಹೊರಟ.

“ಥೂ,” ಅಂದಳು ಚಿಕ್ಕವೆಂಕಟಮ್ಮ. “ನಿಜ ಏಳಕ್ಕೂ ಇನ್ನೊಬ್ಬನ ಬಾಯಿ ಬೇಕಾಯ್ತೇನ್ಲಾ? ಬಾ ಈಚೆಗೆ.”

ಉಟ್ಟ ಪಂಚೆಯಲ್ಲೇ ಅವನನ್ನು ಹಿಂದಿನ ಬೀದಿಯ ಅಕ್ಕಸಾಲಿ ಮುನೇಶಾಚಾರಿಯ ಅಂಗಡಿಗೆ ಎಳೆದೊಯ್ದಳು. ಮುನೇಶ ಎರಡೂ ಬಟ್ಟಲನ್ನು ತಿರುಗಿಸಿ ನೋಡಿ, “ಅರಗು ಇಳಿಸ್ದೆ ಉರಿ ಇಕ್ಕಿದ ಕತ್ತೆ ಯಾವ್ದು?” ಅಂದ.

ಯಾರ ದನಿಯಲ್ಲಿ ಹೇಳಲಿ ಎಂದು ಸೆಲ್ವರಾಜ್ ಗಂಟಲೆಲ್ಲ ತಡಕಾಡಿದ. ಕೊನೆಗೆ ಸಿಕ್ಕಿದ್ದು ತೀರಾ ಸಣ್ಣದೊಂದು, ಅವನಿಗೇ ಗುರುತು ಸಿಗದ್ದು. “ನಾನೇ, ಅಣ್ಣಾ.”

“ತಟ್ಟಿ ನೇರ ಮಾಡಿ ಸಂಜೆಗೆ ಬೆಸೀತೀನಿ, ಅವ್ವಾ,” ಎಂದ ಮುನೇಶ. “ಇವ್ನು ಮಾತ್ರ ಉಫ್ ಅನ್ನದಂಗೆ ಆಚೆ ಕೂತ್ಕೊಳ್ಲಿ.”