ಸಾಧು ಪ್ರಾಣಿ

"ಓಡಬಾರದು, ಕಿರುಚಬಾರದು, ಮೇಲಿಂದ ಕೈ ಹಾಕಬಾರದು," ಎಂದು ಚಿಕ್ಕಿ ಮೂರನೆಯ ಸಲ ಹೇಳಿ ಮುಗಿಸುವಷ್ಟರಲ್ಲಿ ಅಕ್ಕನ ಮಗ ಪಾಪು ಓಡಿ, ಕಿರುಚಿ, ಪೆಟ್ಟಿಗೆಯೊಳಗೆ ಮೇಲಿಂದಲೇ ಕೈ ಹಾಕಿದ್ದ. ಬೂದು ಬಣ್ಣದ ಗಿನಿಪಿಗ್, ಬೂದಿ, ಛಂಗನೆ ಹಾರಿ ರಟ್ಟಿನ ಕೊಳವೆಯೊಳಗೆ ನುಗ್ಗಿತು. ಇನ್ನೊಂದು, ಗುಂಡಿ, ಇದ್ದಲ್ಲೇ ಕುಗ್ಗಿತು. ಹಾರುವ ಸ್ಥಿತಿಯಲ್ಲಿ ಅದಿರಲಿಲ್ಲ. ಹೊಟ್ಟೆ ಎರಡೂ ಪಕ್ಕಕ್ಕೆ ಚೀಲದಂತೆ ಉಬ್ಬಿತ್ತು. ಇವತ್ತೋ ನಾಳೆಯೋ ಮರಿ ಹಾಕಬೇಕು. ಎತ್ತಬೇಡಿ, ಹೆದರಿಸಬೇಡಿ, ಹೆದರಿದರೆ ಮರಿಗಳ ಜೊತೆ ತಾಯಿಯೂ ಉಳಿಯಲಿಕ್ಕಿಲ್ಲ ಎಂದಿದ್ದರು ಪ್ರಾಣಿವೈದ್ಯರು.

"ಇದು ಹಂದೀನಾ, ಇಲೀನಾ?" ಎಂದ ಭಾವ ಕುರ್ಚಿಯಿಂದಲೇ. "ಹೆಸರು ಹಂದಿ, ಮುಖ ಇಲಿ, ಹೊಟ್ಟೆ ಮಾತ್ರ ನಮ್ಮ ಮ್ಯಾನೇಜರ್‌ದು."

ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ಅಮ್ಮ. ಬೆಳಗಿನಿಂದ ಅವಳು ಎಲ್ಲದಕ್ಕೂ ಹಾಗೇ ನಗುತ್ತಿದ್ದಳು. ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ, "ನಿನಗೆ ಮಗು ಹಿಡಿಯೋಕೂ ಬರಲ್ಲ ಕಣೇ," ಎಂದು ಅವಳು ಅಂದ ಒಂದು ಮಾತಿಗೆ ಅಕ್ಕ ಎರಡು ತಿಂಗಳ ಪಾಪುವನ್ನು ಎತ್ತಿಕೊಂಡು ಹೊರಟುಹೋಗಿದ್ದಳು. ಮತ್ತೆ ಹೊಸ್ತಿಲು ದಾಟಿದ್ದು ಇವತ್ತೇ. ಬೆಳಿಗ್ಗೆ ಚಿಕ್ಕಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಅಮ್ಮ ಬಂದು ಪಿಸುಗುಟ್ಟಿದ್ದಳು: "ಮಕ್ಕಳು ಏನು ಕೇಳಿದ್ರೂ ಇಲ್ಲ ಅನ್ನಬೇಡ. ನಿನ್ನ ಅಕ್ಕನಿಗೆ ಕೋಪ ಮೂಗಿನ ತುದೀಲೇ. ಈ ಸಲ ಹೋದ್ರೆ ಮತ್ತೆ ಬರಲ್ಲ." ಚಿಕ್ಕಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ತಲೆಯಾಡಿಸಿದ್ದಳು.

ಈಗ ಅವಳು ಪೆಟ್ಟಿಗೆಯ ಮೇಲೆ ಅರ್ಧಕ್ಕೆ ಬಟ್ಟೆ ಮುಚ್ಚಿದಳು. ಪಾಪುವಿನ ಮುಂದೆ ಖಾಲಿ ದಾರದ ರೀಲುಗಳ ಬುಟ್ಟಿ ಸುರಿದಳು. ಅವನು ಅಲ್ಲೇ ಕೂತುಬಿಟ್ಟ. ಅಕ್ಕನ ಐದು ವರ್ಷದ ಮಗಳು ಪುಟ್ಟಿಗೆ ಕಾಲು ಚಾಚಿ ಕೂರಲು ಹೇಳಿ, ತೊಡೆಯ ಮೇಲೆ ಟವೆಲ್ ಹಾಸಿದಳು. "ಬೂದೀನ ಕೊಡ್ತೀನಿ, ಇರು."

"ಚಿಕ್ಕೀ, ಹಾಲು ಉಕ್ತಾ ಇದೆ ನೋಡೇ!" ಎಂದು ಅಮ್ಮ ಕೂಗಿದಳು.

ಒಲೆ ಆರಿಸಿ ಬರುವಷ್ಟರಲ್ಲಿ ಪುಟ್ಟಿ ಎದ್ದು ನಿಂತಿದ್ದಳು. ಅವಳ ಎರಡೂ ಕೈಗಳ ನಡುವೆ ಗುಂಡಿ ಇತ್ತು. ಹಿಂಗಾಲುಗಳು ಗಾಳಿಯಲ್ಲಿ ನೇತಾಡುತ್ತಿದ್ದವು.

"ಎಷ್ಟು ಸಾಧು ನೋಡೇ!" ಎಂದಳು ಅಕ್ಕ. "ಅಲ್ಲಾಡೋದೇ ಇಲ್ಲ. ನನ್ನ ಮಗಳ ಕೈಗೆ ಒಗ್ಗಿಬಿಟ್ಟಿದೆ."

ಸೊಪ್ಪಿನ ಸದ್ದು ಕೇಳಿದರೆ ಸಾಕು, ಕೀಕ್ ಕೀಕ್ ಎಂದು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ಪ್ರಾಣಿ ಅದು. ಈಗ ಬಾಯಿ ಕಟ್ಟಿತ್ತು. ಕಣ್ಣಂಚಿನ ಬಿಳಿ ಹೊರಗೆ ಕಾಣುತ್ತಿತ್ತು. ಪಕ್ಕೆಗಳು ಯಂತ್ರದ ಸೂಜಿಯಂತೆ ಬಡಿದುಕೊಳ್ಳುತ್ತಿದ್ದವು. ಕೂಗಿದರೆ ಮಗು ಬೆಚ್ಚಿ ಕೈಬಿಡುತ್ತದೆ. ಕಿತ್ತುಕೊಳ್ಳಲು ಹೋದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಚಿಕ್ಕಿ ಮೆಲ್ಲಗೆ, ಬಹಳ ಮೆಲ್ಲಗೆ ನೆಲಕ್ಕೆ ಕೂತಳು.

"ಪುಟ್ಟೀ, ನನ್ನ ಥರ ಕೂತ್ಕೋತೀಯಾ?"

"ಊಹೂಂ. ಇದು ನಂದು."

"ಇರಲಿ ಬಿಡೇ, ಮಗು ಆಸೆಪಡ್ತಿದೆ," ಎಂದಳು ಅಮ್ಮ ಅಡುಗೆಮನೆ ಬಾಗಿಲಿನಿಂದ. ದನಿಯಲ್ಲಿ ನಗು, ಕಣ್ಣಲ್ಲಿ ಗದರಿಕೆ. ಭಾವ ಫೋಟೊ ತೆಗೆಯಲು ಫೋನ್ ಎತ್ತಿದ.

"ಫೋನ್ ಇಳಿಸಿ, ಭಾವ." ಚಿಕ್ಕಿಯ ದನಿ ಅವಳಿಗೇ ಅಪರಿಚಿತವಾಗಿತ್ತು. "ಅಕ್ಕಾ, ಅದು ಸಾಧುವಾಗಿ ಇರೋದಲ್ಲ. ಹೆದರಿ ಕಲ್ಲಾಗಿದೆ. ಪುಟ್ಟಿಗೆ ಹಿಡಿಯೋಕೆ ಬರ್ತಾ ಇಲ್ಲ."

ಅಮ್ಮ ಕಣ್ಣು ಮುಚ್ಚಿಕೊಂಡಳು. ಅಕ್ಕನ ಕೈ ಕುರ್ಚಿಗೆ ನೇತುಹಾಕಿದ್ದ ಚೀಲದ ಪಟ್ಟಿಯನ್ನು ಹಿಡಿಯಿತು.

"ಹಿಡಿಯೋಕೆ ಬರೋದು ಈ ಮನೇಲಿ ಇನ್ಯಾರಿಗೆ, ಹೇಳು?"

"ಯಾರಿಗೂ ಬರಲ್ಲ. ನಂಗೂ ಬರ್ತಿರ್ಲಿಲ್ಲ. ಮೊದಲ್ನೇ ವಾರ ಬೂದೀನ ಬೀಳಿಸಿದೀನಿ." ಚಿಕ್ಕಿ ಗುಂಡಿಯಿಂದ ಕಣ್ಣು ತೆಗೆಯಲಿಲ್ಲ. "ಕೆಳಗೊಂದು ಕೈ ಕೊಡಬೇಕು, ಅಷ್ಟೇ. ಕಾಲಿಗೆ ಏನೂ ಸಿಗ್ದೇ ಇದ್ರೆ ಬಿದ್ದೆ ಅಂದ್ಕೊಳ್ಳುತ್ತೆ."

"ಅಮ್ಮಾ, ಬೀಳುತ್ತಾ?" ಪುಟ್ಟಿ ತಾಯಿಯತ್ತ ತಿರುಗಿದಳು.

ಅಕ್ಕ ಚೀಲ ಬಿಟ್ಟಳು. ಮಂಡಿಯೂರಿ, ಮಗಳ ಕೈಗಳ ಕೆಳಗೆ ತನ್ನ ಎರಡೂ ಅಂಗೈ ಸರಿಸಿದಳು. ಹಿಂಗಾಲುಗಳು ಅವುಗಳ ಮೇಲೆ ನಿಂತವು. ಅವಳು ಉಸಿರು ಬಿಗಿಹಿಡಿದಳು.

"ಅಯ್ಯೋ, ಒಳಗೆ ಒದೀತಾ ಇದೆ ಕಣೇ," ಎಂದಳು, ತುಟಿಯಷ್ಟೇ ಅಲುಗಿಸಿ.

ನಾಲ್ಕು ಕೈಗಳು ಒಟ್ಟಿಗೆ ಇಳಿದು ಗುಂಡಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟವು. ಅದು ಒಣಹುಲ್ಲಿನ ಮೂಲೆಗೆ ಸರಿದು ಮತ್ತೆ ಕಲ್ಲಾಯಿತು.

"ಸತ್ತೋಯ್ತಾ?" ಎಂದಳು ಪುಟ್ಟಿ.

"ಇಲ್ಲ. ತಿನ್ನೋಕೆ ಶುರು ಮಾಡಿದ್ರೆ ಭಯ ಇಲ್ಲ. ಅಲ್ಲೀವರೆಗೂ ಯಾರೂ ಸದ್ದು ಮಾಡಬಾರದು."

ಭಾವನ ಫೋನ್ ಹೊಡೆದುಕೊಂಡಿತು. ಅವನು ಅದನ್ನು ಕಂಕುಳಲ್ಲಿ ಅವುಚಿಕೊಂಡು ಕಳ್ಳನಂತೆ ತುದಿಗಾಲಲ್ಲಿ ಹೊರಗೆ ಹೋದ. ದಾರದ ರೀಲುಗಳ ನಡುವೆ ಪಾಪು ಮಲಗಿಬಿಟ್ಟಿದ್ದ. ಅಮ್ಮ ಹಾಲಿನ ಲೋಟಗಳ ತಟ್ಟೆ ತಂದು ಏನೋ ಹೇಳಲು ಬಾಯಿ ತೆರೆದಳು. ಅಕ್ಕ ತಿರುಗಿ ನೋಡದೆಯೇ ತುಟಿಯ ಮೇಲೆ ಬೆರಳಿಟ್ಟಳು.

ಅಮ್ಮ ಗೋಡೆಗೆ ಒರಗಿ ನಿಧಾನವಾಗಿ ಕುಸಿದು ಅಕ್ಕನ ಪಕ್ಕದಲ್ಲಿ ಕೂತಳು. ಲೋಟಗಳು ಒಂದಕ್ಕೊಂದು ತಾಗದಂತೆ ಅವುಗಳ ನಡುವೆ ಬೆರಳು ತೂರಿಸಿ ಹಿಡಿದಳು. ಹಾಲು ಕೆನೆಗಟ್ಟುತ್ತಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಎಳೆಯೊಂದು ಅಲುಗಿತು.