ತುಂಗಭದ್ರೆಯ ನೀರುನಾಯಿ

ನಾನು ಒಂದು ನೀರುನಾಯಿ. ಆದರೂ ಹುಟ್ಟಿ ಎರಡು ತಿಂಗಳಾಗುವವರೆಗೆ ನನಗೆ ನೀರೆಂದರೆ ಹೆದರಿಕೆ. ತುಂಗಭದ್ರೆಯ ದಡದ ಬಿಲದಲ್ಲಿ ಒಡಹುಟ್ಟಿದವರಿಗೆ ಒತ್ತಿಕೊಂಡು ಮಲಗಿರುತ್ತಿದ್ದೆ. ಒಂದು ಬೆಳಿಗ್ಗೆ ಅವ್ವ ನನ್ನ ಕುತ್ತಿಗೆ ಕಚ್ಚಿ ಎಳೆದೊಯ್ದು ಹೊಳೆಗೆ ಬಿಟ್ಟಳು. ಅರಚಿದೆ, ಮುಳುಗಿದೆ, ಎದ್ದೆ. ಬೆರಳುಗಳ ನಡುವೆ ತೊಗಲಿನ ಪೊರೆ ಏಕಿದೆ ಎಂಬುದು ಅಂದು ತಿಳಿಯಿತು. ಎಷ್ಟು ಹೊತ್ತು ಈಜಿದರೂ ನೀರು ನನ್ನ ಚರ್ಮ ಮುಟ್ಟಲಿಲ್ಲ. ಕೂದಲು ಅಷ್ಟು ದಟ್ಟ.

ನಾನು ಬಸಿರಾದ ವರ್ಷ ಮರಳೆತ್ತುವ ಯಂತ್ರಗಳು ಬಂದವು. ದಡ ಕುಸಿದು ಬಿಲ ಮುಚ್ಚಿತು. ನಾಲ್ಕು ದಿನ ಹುಡುಕಿ, ಪಾಳು ಪಂಪ್‌ಹೌಸಿನ ತುಕ್ಕು ಹಿಡಿದ ಕೊಳವೆಯೊಳಗೆ ಮೂರು ಮರಿ ಹಾಕಿದೆ. ಅಲ್ಲಿಗೆ ಊರನಾಯಿಗಳು ತೂರಲಾರವು.

ಆದರೆ ಅಲ್ಲಿ ಮೀನು ಕಡಿಮೆ. ಮೀನುಗಾರ ದುರಗಪ್ಪ, ಅವನ ಹೆಂಡತಿ ಹುಲಿಗೆಮ್ಮ ಹರಿಗೋಲಿನಲ್ಲಿ ಬಂದು ಬಿಡುತ್ತಿದ್ದ ಬಲೆಯಿಂದ ಮೀನು ಕೀಳುವುದು ನನಗೆ ಸುಲಭವಾಗಿ ಕಂಡಿತು. ಕಿತ್ತಾಗಲೆಲ್ಲ ಬಲೆಯೂ ಹರಿಯುತ್ತಿತ್ತು. ಒಂದು ಮುಂಜಾನೆ ಹಿಂಗಾಲು ಸಿಕ್ಕಿತು. ಹೊರಳಿದಷ್ಟೂ ದಾರ ಬಿಗಿಯಿತು. ನೀರಿನಡಿಯಲ್ಲಿ ನಾವು ಉಸಿರಾಡಲಾರೆವು. ಕಣ್ಣು ಕತ್ತಲೆ ಬರುವಷ್ಟರಲ್ಲಿ ಬಲೆ ಮೇಲೆದ್ದಿತು.

ದುರಗಪ್ಪ ಹರಿಗೋಲಿನ ಹುಟ್ಟು ಎತ್ತಿದ. ದಿನವೂ ಬಲೆ ಹಾಳು ಮಾಡುವುದು ಇದೇ ಎಂದು ಬೈದ. ಹುಲಿಗೆಮ್ಮ ಬಗ್ಗಿ ನನ್ನ ಹೊಟ್ಟೆ ನೋಡಿದಳು.

“ತಡೀರಿ. ಇದಕ್ಕ ಹಾಲು ಇಳದೈತಿ. ಎಲ್ಲೋ ಮರಿ ಅದಾವು.”

“ಬಲಿ ಮತ್ತ?”

“ಬಲಿ ನಾ ಹೆಣೀತೀನಿ.”

ಕುಡುಗೋಲಿನಿಂದ ಅವಳು ದಾರ ಕೊಯ್ದಳು. ಬಿಡಿಸುವಾಗ ಅವಳ ಹೆಬ್ಬೆರಳು ಕಚ್ಚಿಬಿಟ್ಟೆ. ಆದರೂ ಅವಳು ಕೈ ಹಿಂತೆಗೆಯಲಿಲ್ಲ. ನಾನು ನೇರ ಕೊಳವೆಯೊಳಗೆ ತೂರಿದ್ದನ್ನು ಕಂಡ ಅವರು ಆಮೇಲೆ ಬಲೆಯನ್ನು ಪಂಪ್‌ಹೌಸಿನಿಂದ ದೂರ ಬಿಡತೊಡಗಿದರು. ನಾನೂ ಅದರ ತಂಟೆಗೆ ಹೋಗದೆ, ದೂರದ ಮಡುಗಳವರೆಗೆ ಈಜಿ ಮೀನು ಹಿಡಿದೆ. ಮರಿಗಳು ಮೂರೂ ಬದುಕಿದವು.

ಈಗ ನನ್ನ ಹಲ್ಲು ಸವೆದಿವೆ. ಈ ಬೇಸಿಗೆ ಹೊಳೆಯಲ್ಲಿ ವಿಚಿತ್ರ ಮೀನೊಂದು ಕಂಡಿತು: ಮೈತುಂಬ ಚಿಪ್ಪು, ಬೆನ್ನಿಗೆ ಮುಳ್ಳು. ಮೂಸಿದೆ, ಕಚ್ಚಿದೆ, ಸೋತೆ. ಇದು ತಿನ್ನುವಂಥದ್ದಲ್ಲ ಎಂದು ಬಿಟ್ಟುಬಿಟ್ಟೆ. ಮೊಮ್ಮಗಳು ಮಾತ್ರ ಬಿಡಲಿಲ್ಲ. ಅದನ್ನು ಬಂಡೆಯ ಮೇಲೆ ಹಾಕಿ ಹೊರಳಿಸಿದಳು, ಅತ್ತಿತ್ತ ತಿರುಗಿಸಿದಳು, ಕೊನೆಗೆ ಮೆತ್ತಗಿನ ಹೊಟ್ಟೆಯ ಕಡೆಯಿಂದ ಬಗೆದಳು.

ನಾನು ಅವಳ ಪಕ್ಕ ಹೋಗಿ ಕುಳಿತು, ಅವಳು ಮಾಡಿದಂತೆಯೇ ಮಾಡಿ ನೋಡಿದೆ. ರುಚಿಯಾಗಿತ್ತು.